ಗಂಟೆ ಕದ್ದ ಕೇಸಿನ ತೀರ್ಪು

ಫೆಬ್ರವರಿ 30, 2209
ನೇಕಾರ ಓಣಿ, ಗುಳೇದಗುಡ್ಡ

ಮಾನ್ಯ ಫರ್ಹಾನಾ ನದಾಫ್ ಅವರಿಗೆ,

ತಾರೀಖು ನೋಡಿ ಯಾರೋ ಕಿಡಿಗೇಡಿಗಳ ಕೆಲಸ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಿಂಗಳುಗಳ ನಡುವಿನ ಮೇಲುಕೀಳು ಸಾಕೆಂದು ನೂರಾ ಹತ್ತು ವರ್ಷಗಳ ಹಿಂದೆ ಎಲ್ಲಕ್ಕೂ ಮೂವತ್ತು ಮೂವತ್ತು ಹಂಚಿದರು. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟರು. ಅವಕ್ಕೆ ಬಿಡಿದಿನ ಎಂದು ಹೆಸರು. ಬಿಡಿದಿನಗಳಲ್ಲಿ ಕೋರ್ಟು ಇರುವುದಿಲ್ಲ, ಜಗಳ ಮಾತ್ರ ಇರುತ್ತದೆ.

ನನ್ನ ಭಾಷೆಗೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕಡತಗಳಿಂದ. ಹಾಗಾಗಿ ನನ್ನ ಮಾತು ಒಮ್ಮೊಮ್ಮೆ ಸುತ್ತೋಲೆಯ ದನಿಗೆ ತಿರುಗಿದರೆ ಅದು ನನ್ನ ಗತ್ತಲ್ಲ, ನನ್ನ ಪಠ್ಯಪುಸ್ತಕದ ತಪ್ಪು. ನಿಮಗೆ ಗೊತ್ತಿಲ್ಲದ ಶಬ್ದ ಬಂದ ಕಡೆ ಅಲ್ಲಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ.

ಈ ಕಾಗದ ನಿಮ್ಮ ಮೊಬೈಲಿಗೆ ಬಂದ ದಾರಿಯನ್ನು ನಾವು ಹಿಂದಂಚೆ ಎನ್ನುತ್ತೇವೆ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಸಲ, ಹಿಂದಿನ ಕಾಲದ ಯಾರಾದರೂ ಒಬ್ಬರಿಗೆ ಒಂದು ಕಾಗದ ಕಳುಹಿಸುವ ಅವಕಾಶವಿದೆ. ಅಕ್ಷರ ಮಾತ್ರ ಹೋಗುತ್ತದೆ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಯಾವುದೋ ಚಟ್ನಿಪುಡಿಯ ಅಳತೆ ಕೇಳುತ್ತಾರೆ. ಉತ್ತರ ಬರುವ ದಾರಿಯೇ ಇಲ್ಲವೆಂದು ಗೊತ್ತಿದ್ದೂ ಕೇಳುತ್ತಾರೆ. ಕಾಗದ ತಲುಪುತ್ತದೆಯೇ ಎಂಬುದು ಇಲಾಖೆಗೂ ಗೊತ್ತಿಲ್ಲ. ಅವರು ಕೊಡುವ ರಸೀದಿಯಲ್ಲಿ ‘ಕಳುಹಿಸಲಾಗಿದೆ’ ಎಂದಿರುತ್ತದೆಯೇ ಹೊರತು ‘ತಲುಪಿದೆ’ ಎಂದಿರುವುದಿಲ್ಲ. ಮೂವತ್ತೆಂಟು ವರ್ಷ ನ್ಯಾಯಾಧೀಶೆಯಾಗಿದ್ದ ನನಗೆ ಇಷ್ಟು ಎಚ್ಚರದಿಂದ ಮಾತಾಡುವ ಇಲಾಖೆಯ ಮೇಲೆ ಗೌರವವಿದೆ.

ಮುತ್ತಜ್ಜಿಯನ್ನು ಬಿಟ್ಟು ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಗದ ಒಬ್ಬ ಹುಡುಗಿಯ ಬಗ್ಗೆ. ಆಕೆಯನ್ನು ನೀವು ಇಪ್ಪತ್ತು ನಿಮಿಷಗಳ ಹಿಂದೆ ನೋಡಿದ್ದೀರಿ.

ಕಡತದ ಪ್ರಕಾರ ನಿಮ್ಮಲ್ಲಿ ಇಂದು 2026ರ ಜುಲೈ 16, ಗುರುವಾರ, ಮಧ್ಯಾಹ್ನ ಒಂದು ಹತ್ತು. ‘ಮೊದಲ ಬೆಂಚು ನ್ಯಾಯಶಿಕ್ಷಣ ಟ್ರಸ್ಟ್’ ಎಂದು ಬಾಗಿಲ ಮೇಲೆ ಬರೆದ ಬಿಳಿ ವ್ಯಾನು ಸಂಕನಹಾಳದ ಶಾಲೆಯಿಂದ ಎರಡೂವರೆ ಕಿಲೋಮೀಟರ್ ದೂರದಲ್ಲಿ, ಹಳ್ಳದ ಸೇತುವೆಯ ಹತ್ತಿರ ಪಂಕ್ಚರ್ ಆಗಿ ನಿಂತಿದೆ. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಡ್ರೈವರು ಯಾರದೋ ಬೈಕ್ ಹತ್ತಿ ಟೈರು ತರಲು ಹೋಗಿದ್ದಾರೆ; ಬರಲು ಐವತ್ತು ನಿಮಿಷ ಬೇಕು. ನೀವು ಬೇವಿನ ಮರದ ಕೆಳಗೆ ಕೂತು, ತೊಡೆಯ ಮೇಲೆ ಫಾರ್ಮು ಇಟ್ಟುಕೊಂಡು ಇವತ್ತಿನ ಮೊದಲ ಶಾಲೆಯ ವರದಿ ತುಂಬುತ್ತಿದ್ದೀರಿ. ಆ ಫಾರ್ಮಿನಲ್ಲಿ ಎರಡೇ ಚೌಕಗಳಿವೆ: ‘ಪಾಠ ಮುಗಿಯಿತು’, ‘ಪಾಠ ರದ್ದಾಯಿತು’. ರದ್ದಾಗಿಲ್ಲ ಎಂಬುದು ನಿಜವಾದ್ದರಿಂದ ನೀವು ಮೊದಲನೆಯದಕ್ಕೆ ಟಿಕ್ ಹಾಕಿದ್ದೀರಿ. ಆ ಫಾರ್ಮು ನನ್ನ ಬಳಿ ಇದೆ. ಶಾಯಿ ಸ್ವಲ್ಪ ಹರಡಿದೆ.

ನೀವು ಮಾಡುವ ಪಾಠದ ಬಗ್ಗೆ ನನಗೆ ಅಸಡ್ಡೆ ಇಲ್ಲ, ಅದನ್ನು ದಯವಿಟ್ಟು ಗಮನಿಸಿ. ದಿನಕ್ಕೆ ಎರಡು ಶಾಲೆ, ಒಂದೊಂದು ಶಾಲೆಗೆ ನಲವತ್ತು ನಿಮಿಷದ ಒಂದು ಪೀರಿಯಡ್. ಮೊದಲ ಹತ್ತು ನಿಮಿಷ ಸಂವಿಧಾನ, ಪೊಲೀಸ್ ಠಾಣೆ, ಕೋರ್ಟು, ವಕೀಲರು ಎಂದರೇನು ಎಂಬ ಮಾತು. ಉಳಿದ ಅರ್ಧ ಗಂಟೆ ಮಕ್ಕಳೇ ನಡೆಸುವ ಅಣಕು ಕೋರ್ಟು. ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ ಮಕ್ಕಳ ಅಳತೆಗೆ ಹೊಲಿಸಿದ ಕರಿಕೋಟು, ಒಂದು ಮರದ ಸುತ್ತಿಗೆ, ಒಬ್ಬೊಬ್ಬರ ಪಾತ್ರಕ್ಕೂ ಒಂದೊಂದು ಕಾರ್ಡು. ನ್ಯಾಯಾಧೀಶರನ್ನು ಕಂಡರೆ ಗಡಗಡ ನಡುಗುತ್ತಿದ್ದ ಮನೆಗಳ ಮಕ್ಕಳು ಆ ಅರ್ಧ ಗಂಟೆ ನ್ಯಾಯಾಧೀಶರೇ ಆಗುತ್ತಿದ್ದರು. ನಾನು ಓದಿದ ಕಾನೂನಿನ ಇತಿಹಾಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಕೆಲಸ ಕಡಿಮೆ.

ಇವತ್ತಿನ ಕೇಸು ಶಾಲೆಯ ಹಿತ್ತಾಳೆ ಗಂಟೆ ಕಳವಾದದ್ದು. ಯಾವ ಗಂಟೆಯೂ ಕಳವಾಗಿರಲಿಲ್ಲ; ಮಕ್ಕಳಿಗೆ ಗೊತ್ತಿರುವ ವಸ್ತು ಇರಲಿ ಎಂದು ನೀವೇ ಕಟ್ಟಿದ ಕಥೆ. ಏಳನೇ ತರಗತಿಯಲ್ಲಿ ನ್ಯಾಯಾಧೀಶನಾಗಲು ಹನ್ನೊಂದು ಕೈ ಎದ್ದವು. ವಕೀಲರಾಗಲು ಒಂಬತ್ತು. ಆರೋಪಿ ಯಾರಾಗುತ್ತೀರಿ ಎಂದು ಕೇಳಿದಾಗ ಒಂದು ಕೈಯೂ ಏಳಲಿಲ್ಲ. ಬದಲಿಗೆ ಇಡೀ ತರಗತಿ ತಿರುಗಿ ನಾಲ್ಕನೇ ಸಾಲಿನ ಕಿಟಕಿಯ ಕಡೆ ನೋಡಿತು. ಅಲ್ಲಿ ಕಸ್ತೂರಿ ಭಜಂತ್ರಿ ಕೂತಿದ್ದಳು. ನ್ಯಾಯಾಧೀಶೆಯಾಗಲು ಎತ್ತಿದ್ದ ಕೈಯನ್ನು ಆಗಷ್ಟೇ ಕೆಳಗಿಳಿಸಿದ್ದಳು. ಮಕ್ಕಳ ಆ ನೋಟವನ್ನು ನೀವು ಸಹಕಾರ ಎಂದು ತಿಳಿದಿರಿ. ಬಾಮ್ಮಾ, ನೀನೇ ಬಾ ಎಂದು ನಗುತ್ತಾ ಕರೆದಿರಿ.

ನೀವು ಪಕ್ಕದ ತಾಲ್ಲೂಕಿನವರು, ಇಪ್ಪತ್ತೆರಡು ವರ್ಷದವರು, ಆ ನೋಟಕ್ಕೆ ಎಷ್ಟು ವಯಸ್ಸಾಗಿದೆ ಎಂದು ನಿಮಗೆ ಹೊಳೆಯಲಿಲ್ಲ. ಆಕೆಯ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದ ಒಂದು ಕಾನೂನು ಬ್ರಿಟಿಷರ ಕಾಲದಲ್ಲಿತ್ತು. ನೀವು ಹುಟ್ಟುವ ಐವತ್ತು ವರ್ಷ ಮೊದಲೇ ಅದನ್ನು ರದ್ದು ಮಾಡಿದ್ದರು. ರದ್ದು ಮಾಡಿದ್ದು ರಾಜಧಾನಿಯಲ್ಲಿ, ಕಾಗದದಲ್ಲಿ. ಸಂಕನಹಾಳದ ಓಣಿಗಳಿಗೆ ಬಂದು ಯಾರೂ ಹೇಳಿರಲಿಲ್ಲ.

ವಿಚಾರಣೆ ಚೆನ್ನಾಗಿಯೇ ನಡೆಯಿತು. ಸಾಕ್ಷಿಗಳು ಸುಳ್ಳು ಹೇಳಿ ಸಿಕ್ಕಿಬಿದ್ದರು, ಎಲ್ಲರೂ ನಕ್ಕರು. ಹನ್ನೆರಡೂ ಐವತ್ತಕ್ಕೆ ನ್ಯಾಯಾಧೀಶನಾಗಿದ್ದ ಹುಡುಗ ಸುತ್ತಿಗೆ ಎತ್ತಿ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ನ್ಯಾಯಾಧೀಶನೂ ಕರಿಕೋಟಿನಲ್ಲೇ ಓಡಿದ. ಆರೋಪಿಯ ಜಾಗದಲ್ಲಿ ಕಸ್ತೂರಿ ಒಬ್ಬಳೇ ನಿಂತಿದ್ದಳು. ನೀವು ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಆಕೆ ಹತ್ತಿರ ಬಂದು ಒಂದು ಮಾತು ಕೇಳಿದಳು.

“ಮ್ಯಾಡಮ್ಮರ, ಗಂಟಿ ಕಳವಾಗಿದ್ರ ಈಗ ಹೊಡದದ್ದು ಏನ್ರಿ?”

ನೀವು ಶಾಣ್ಯಾಕಿ ಎಂದು ಕೆನ್ನೆ ತಟ್ಟಿ, ಆರೋಪಿಯ ಕಾರ್ಡು ನಿನ್ನ ಹತ್ತಿರವೇ ಇರಲಿ ಎಂದು ಹೇಳಿ ವ್ಯಾನು ಹತ್ತಿದಿರಿ. ಮುಂದಿನ ಶಾಲೆಗೆ ಎರಡು ಗಂಟೆಗೆ ಮುಟ್ಟಬೇಕಿತ್ತು.

ಈಗ ಸ್ವಲ್ಪ ಹೊತ್ತು ನಮ್ಮ ಊರಿನ ವಿಷಯ ಹೇಳುತ್ತೇನೆ. ಕೇಳಿದರೆ ನನ್ನ ಉಳಿದ ಮಾತು ನಿಮಗೆ ತಿಳಿಯುತ್ತದೆ.

ಗುಳೇದಗುಡ್ಡ ಈಗಲೂ ನೇಕಾರರ ಊರು. ಆದರೆ ನಿಮ್ಮವರು ಕುಪ್ಪಸದ ಖಣ ನೇಯುತ್ತಿದ್ದ ಮಗ್ಗಗಳಲ್ಲಿ ನಾವು ಓಣಿಯ ಮೇಲೆ ಕಟ್ಟುವ ನೆರಳು ನೇಯುತ್ತೇವೆ. ಮನೆಯಿಂದ ಎದುರು ಮನೆಗೆ, ಮಾಳಿಗೆಯಿಂದ ಮಾಳಿಗೆಗೆ ಬಿಗಿದ ಅಗಲವಾದ ಬಟ್ಟೆ; ಅಂಚಿಗೆ ಅದೇ ಹಳೆಯ ಖಣದ ಚಿತ್ತಾರ. ನೆರಳಿಲ್ಲದ ಬೀದಿಯಲ್ಲಿ ಬೇಸಗೆಯ ಹೊತ್ತು ಯಾರೂ ನಡೆಯುವುದಿಲ್ಲ, ನಡೆದರೆ ದವಾಖಾನೆಗೇ. ಹತ್ತೂವರೆಯಿಂದ ನಾಲ್ಕರವರೆಗೆ ಮುಚ್ಚುಹೊತ್ತು: ಅಂಗಡಿ, ಶಾಲೆ, ಕೋರ್ಟು ಎಲ್ಲಕ್ಕೂ ಬಾಗಿಲು. ಒಂದೊಂದು ಓಣಿಗೂ ಒಂದು ನೀರಿನ ತೊಟ್ಟಿ, ತೊಟ್ಟಿಗೊಬ್ಬ ನೀರಿನವನು. ಅವನು ಅಳೆದು ಹಾಕಿದ್ದು ಆ ದಿನದ ನೀರು. ನೀರಿನವನ ಕೈ ಶುದ್ಧವಾಗಿರಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಮಾತು. ಎಲ್ಲರ ಮುಂಗೈಯಲ್ಲೂ ಚರ್ಮದಷ್ಟೇ ತೆಳ್ಳಗಿನ ಪಟ್ಟಿಯೊಂದಿದೆ. ಸರ್ಕಾರದ ಸುದ್ದಿ, ಸಾವಿನ ಸುದ್ದಿ, ಇವತ್ತು ಯಾರ ಮನೆಯಲ್ಲಿ ಹೋಳಿಗೆ ಹೆಚ್ಚಾಗಿದೆ ಎಂಬ ಸುದ್ದಿ ಎಲ್ಲವೂ ಅಲ್ಲಿ ಮೂಡುತ್ತವೆ. ನಾವು ಓದಿ, ಒರೆಸಿ ಮುಂದಕ್ಕೆ ಹೋಗುತ್ತೇವೆ.

ಕೋರ್ಟು ಶಾಲೆಯಲ್ಲೇ ನಡೆಯುತ್ತದೆ. ಬೇರೆ ಕಟ್ಟಡವಿಲ್ಲ. ಹನ್ನೆರಡು ವರ್ಷ ತುಂಬಿದ ಪ್ರತಿ ಮಗುವೂ ನಲವತ್ತು ದಿನ ನ್ಯಾಯಾಧೀಶರ ಪಕ್ಕದಲ್ಲಿ ಕೂರಬೇಕು. ಅಂಥ ಮಗುವಿಗೆ ಕೇಳುಗ ಎನ್ನುತ್ತೇವೆ. ಕೇಳುಗ ತೀರ್ಪು ಕೊಡುವಂತಿಲ್ಲ. ಆದರೆ ತೀರ್ಪು ಓದಿದ ಮೇಲೆ ನ್ಯಾಯಾಧೀಶರು ಮಗುವಿನ ಕಡೆ ತಿರುಗಿ ತಿಳಿಯಿತೇ ಎಂದು ಕೇಳಬೇಕು. ಮಗು ಇಲ್ಲ ಎಂದರೆ ಬೇರೆ ಮಾತಿನಲ್ಲಿ ಮತ್ತೆ ಬರೆಯಬೇಕು. ನಾನು ಒಂದು ಜಮೀನಿನ ತೀರ್ಪನ್ನು ಆರು ಸಲ ಬರೆದಿದ್ದೇನೆ. ಆರನೆಯ ಸಲಕ್ಕೆ ಆ ಹುಡುಗಿ ಆಕಳಿಸುತ್ತಾ ಹೂಂ ಅಂದಳು. ಅವಳಿಗೆ ತಿಳಿಯಿತೋ ಸಾಕಾಯಿತೋ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಓಣಿ ತೀರ್ಪು. ಆರೋಪ ಹೊತ್ತ ವ್ಯಕ್ತಿ ನಿರಪರಾಧಿ ಎಂದು ಕೋರ್ಟು ಹೇಳಿದರೆ ನಮ್ಮಲ್ಲಿ ಕೇಸು ಮುಗಿಯುವುದಿಲ್ಲ. ಮೂರು ದಿನದೊಳಗೆ ನ್ಯಾಯಾಧೀಶರು ಆ ವ್ಯಕ್ತಿಯ ಓಣಿಗೆ ಹೋಗಬೇಕು, ಕಾಲ್ನಡಿಗೆಯಲ್ಲಿ, ಕೈಯಲ್ಲಿ ಹಿತ್ತಾಳೆಯ ಗಂಟೆ ಹಿಡಿದು. ಓಣಿಯ ಈ ತುದಿ, ನಡುವೆ, ಆ ತುದಿ, ಮೂರು ಕಡೆ ಗಂಟೆ ಬಾರಿಸಿ ಹೆಸರು ಹಿಡಿದು ಕೂಗಬೇಕು: ಇಂಥವರು ಇಂಥದ್ದನ್ನು ಮಾಡಿಲ್ಲ. ಆಮೇಲೆ ಆ ಮನೆಯಲ್ಲಿ ಕೂತು ಅವರು ಕೊಟ್ಟದ್ದನ್ನು ಓಣಿಯವರ ಎದುರಿಗೆ ಕುಡಿಯಬೇಕು. ಅಷ್ಟಾದ ಮೇಲೆ ಕಡತಕ್ಕೆ ದಾರ ಕಟ್ಟುತ್ತೇವೆ. ಹೊರರಾಜ್ಯದಿಂದ ಬಂದವರು ಇದನ್ನು ನೋಡಿ ನಗುತ್ತಾರೆ. ತಮ್ಮ ಮನೆಯವರ ಮೇಲೆ ಸುಳ್ಳು ಆರೋಪ ಬಂದ ಮೇಲೆ ನಗುವುದಿಲ್ಲ.

ನಮ್ಮ ಕಾನೂನು ಪುಸ್ತಕದಲ್ಲಿ ಈ ನಿಯಮದ ಪಕ್ಕಕ್ಕೆ ಸಣ್ಣಕ್ಷರದಲ್ಲಿ ‘ಮೂಲ: ಸಂಕನಹಾಳ’ ಎಂದಿದೆ. ಕಾನೂನು ಓದುವಾಗ ನಾನೂ ಎಲ್ಲರಂತೆ ಅದನ್ನು ದಾಟಿ ಮುಂದೆ ಹೋದವಳೇ. ನಿವೃತ್ತಳಾದ ಮೇಲೆ ಹೊತ್ತು ಹೋಗದೆ ಮೂಲ ಹುಡುಕಿದೆ. ಹಾಗೆ ನನಗೆ ಸಿಕ್ಕಿದ್ದು ನಿಮ್ಮ ಫಾರ್ಮು, ನಿಮ್ಮ ಟ್ರಸ್ಟಿನ ಪರಗೊಂಡಪ್ಪನವರ ನೋಟುಬುಕ್ಕು ಮತ್ತು ಮುಪ್ಪಿನ ಕಸ್ತೂರಿ ಹೇಳಿ ಬರೆಸಿದ ಹನ್ನೆರಡು ಪುಟ.

ಆ ಪುಟಗಳ ಪ್ರಕಾರ ಮುಂದೆ ಆಗಿದ್ದು ಇಷ್ಟು. ತೀರ್ಪು ಹೇಳಲಿಲ್ಲವಾದ್ದರಿಂದ ಆಟ ಮುಗಿಯಲಿಲ್ಲ. ಅದೇ ಗುರುವಾರ ಊಟದ ಸಾಲಿನಲ್ಲೇ ಯಾರೋ ಆಕೆಯನ್ನು ಗಂಟಿಕಳ್ಳಿ ಎಂದರು. ಶನಿವಾರದ ಹೊತ್ತಿಗೆ ಆ ಹೆಸರು ಓಣಿಗೆ ಬಂತು. ಆಗಸ್ಟಿನಲ್ಲಿ ಒಬ್ಬರ ಕಂಪಾಸು ಪೆಟ್ಟಿಗೆ ಕಾಣದಾದಾಗ ಮಾಸ್ತರರು ಮೊದಲು ತೆರೆದದ್ದು ಕಸ್ತೂರಿಯ ಚೀಲ. ಪೆಟ್ಟಿಗೆ ಕಳೆದುಕೊಂಡವನ ಮನೆಯಲ್ಲೇ ಇತ್ತು. ಅದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಎಂಟನೇ ತರಗತಿಗೆ ಬೇರೆ ಊರಿನ ಹೈಸ್ಕೂಲು. ಅವಳು ಹತ್ತಿದ ಬಸ್ಸಿನಲ್ಲೇ ಆ ಅಡ್ಡಹೆಸರೂ ಹತ್ತಿ ಬಂತು. ಮೂರು ತಿಂಗಳು ಹೋಗಿ ಶಾಲೆ ಬಿಟ್ಟಳು. ಅವಳ ಅವ್ವ ಮದುವೆಮನೆಗಳಲ್ಲಿ ಶಹನಾಯಿ ಊದುವವರ ಜೊತೆ ಹೋಗುತ್ತಿದ್ದವಳು. ಮಗಳನ್ನು ಕರೆದುಕೊಂಡು ಹೋದ ಮನೆಗಳಲ್ಲಿ ಒಳಗಿನ ಕೋಣೆಗೆ ಚಿಲಕ ಹಾಕತೊಡಗಿದರು. ಈ ಭಾಗವನ್ನು ಕಸ್ತೂರಿ ಎರಡೇ ಸಾಲಿನಲ್ಲಿ ಮುಗಿಸಿದ್ದಾಳೆ. ನಾನು ಅದನ್ನು ಓದಿದ ದಿನ ಊಟ ಮಾಡಲಿಲ್ಲ.

2028ರ ನವೆಂಬರಿನಲ್ಲಿ, ಎಂದರೆ ಇವತ್ತಿನಿಂದ ಎರಡು ವರ್ಷ ನಾಲ್ಕು ತಿಂಗಳ ಮೇಲೆ, ಆಕೆ ಒಬ್ಬಳೇ ಬಸ್ಸು ಹತ್ತಿ ಬಟ್ಟೆ ಅಂಗಡಿಯ ಮೇಲಿನ ನಿಮ್ಮ ಆಫೀಸಿಗೆ ಬಂದಳು. ಕೈಯಲ್ಲಿ ನೀವು ಕೊಟ್ಟ ಆರೋಪಿಯ ಕಾರ್ಡು. ಅದರ ಮೇಲೆ ನಿಮ್ಮದೇ ವಾಕ್ಯವಿದೆ: ತೀರ್ಪು ಬರುವವರೆಗೆ ನೀನು ಆರೋಪಿ ಮಾತ್ರ, ಅಪರಾಧಿ ಅಲ್ಲ. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

“ನನ್ನ ಕೇಸ್ ಇನ್ನೂ ಮುಗದಿಲ್ಲರಿ. ತೀರ್ಪು ಯಾವಾಗ ಹೇಳ್ತೀರಿ?”

ಆಫೀಸಿನಲ್ಲಿ ಇದ್ದವರು ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮಾತಿಗೆ ನಗುವ ನಗೆ. ಮೂಲೆಯ ಮೇಜಿನಲ್ಲಿದ್ದ ಪರಗೊಂಡಪ್ಪನವರು ನಗಲಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ಕಡತ ಕಾಯ್ದು ನಿವೃತ್ತರಾದವರು, ಪೆಂಡಿಂಗ್ ಎಂಬ ಶಬ್ದ ಅವರ ರಕ್ತದಲ್ಲಿತ್ತು. “ನಗಬ್ಯಾಡ್ರಿ. ಹುಡುಗಿ ಹೇಳೋದು ಖರೆ ಐತಿ. ಕೇಸ್ ನಡದೈತಿ, ಆದೇಶ ಆಗಿಲ್ಲ” ಎಂದರು. ನೋಟುಬುಕ್ಕು ತೆರೆದು ತಾರೀಖು ಹಾಕಿ ಹೀಗೆ ಬರೆದರು: ‘ಹಾಜರು: ಆರೋಪಿ, ಸ್ವತಃ. ವಕೀಲರು ಇಲ್ಲ. ಮುಂದಿನ ದಿನಾಂಕ ನಾಳೆ.’ ಆ ಪುಟವನ್ನು ನಾನು ಮುಟ್ಟಿ ನೋಡಿದ್ದೇನೆ. ನನ್ನ ಮೂವತ್ತೆಂಟು ವರ್ಷಗಳಲ್ಲಿ ಅಷ್ಟು ಚೊಕ್ಕವಾದ ಆದೇಶ ನಾನು ಬರೆದಿಲ್ಲ.

ನೀವು ಆಗ ಧಾರವಾಡದಲ್ಲಿ ವಕೀಲಿ ಶುರುಮಾಡಿದ್ದಿರಿ. ಫೋನು ಬಂದ ಮರುದಿನವೇ ಬಂದಿರಿ. ನೋಟುಬುಕ್ಕಿನಲ್ಲಿ ನಿಮ್ಮ ಒಂದೇ ಮಾತು ದಾಖಲಾಗಿದೆ: “ನಾ ಮುಗದೈತಿ ಅಂತ ಟಿಕ್ ಹಾಕಿದ್ದೆ ಸರ್.” ಅದೇ ಶಾಲೆಯಲ್ಲಿ, ಹೈಸ್ಕೂಲಿನ ಹುಡುಗನಾಗಿದ್ದ ಅದೇ ನ್ಯಾಯಾಧೀಶನನ್ನು ಕರೆಸಿ, ಮೊಣಕೈಗೇ ನಿಲ್ಲುತ್ತಿದ್ದ ಕರಿಕೋಟನ್ನು ತೊಡಿಸಿ ಕೂರಿಸಿದಿರಿ. ಅವನು ನಾಚಿಕೊಂಡು ಹೇಳಿದ: “ಕಸ್ತೂರಿ ಗಂಟಿ ಕದ್ದಿಲ್ಲ. ಗಂಟಿ ಇಲ್ಲೇ ಐತಿ, ನೋಡ್ರಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಕಸ್ತೂರಿ ತಟ್ಟಲಿಲ್ಲ.

“ಸಾಲ್ಯಾಗ ಹೇಳಿದ್ರ ಏನ್ ಆತ್ರಿ? ನನ್ನ ಕಳ್ಳಿ ಅನ್ನೋದು ಓಣ್ಯಾಗ.”

ಪರಗೊಂಡಪ್ಪನವರು ಎದ್ದು, ಹೆಡ್‌ಮಾಸ್ತರರನ್ನು ಕೇಳಿ ಗಂಟೆಯನ್ನೇ ಕೊಕ್ಕೆಯಿಂದ ಬಿಡಿಸಿಕೊಂಡರು. ನೀವು, ಅವರು, ಆ ಹುಡುಗ, ನಡುವೆ ಕಸ್ತೂರಿ. ಹನುಮಪ್ಪನ ಗುಡಿಯ ಹಿಂದಿನ ಓಣಿ. ಮೂರು ಕಡೆ ಬಾರಿಸಿ ಕೂಗಿದಿರಿ. ಆಮೇಲೆ ಅವಳ ಅವ್ವ ಕೊಟ್ಟ ಚಹಾ ಕುಡಿದಿರಿ. ಓಣಿ ತೀರ್ಪು ಅಂದರೆ ಅಷ್ಟೇ. ಮುಂದಿನವರು ಅದಕ್ಕೆ ಕಲಮು, ಉಪಕಲಮು ಸೇರಿಸಿದರು. ಕಸ್ತೂರಿ ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿ, ಮೂವತ್ತು ವರ್ಷ ನಿಮ್ಮ ಟ್ರಸ್ಟಿನ ಗಂಟೆ ಹೊತ್ತು ಶಾಲೆಯಿಂದ ಶಾಲೆಗೆ ತಿರುಗಿದಳು. ಆರೋಪಿಯ ಪಾತ್ರವನ್ನು ಕಡ್ಡಾಯವಾಗಿ ಹೆಡ್‌ಮಾಸ್ತರರಿಗೆ ಕೊಡುತ್ತಿದ್ದಳು, ತೀರ್ಪು ಹೇಳದೆ ಒಬ್ಬರನ್ನೂ ಊಟಕ್ಕೆ ಬಿಡುತ್ತಿರಲಿಲ್ಲ. ಅವಳ ಪಾಠ ಕೇಳಿದ ಮಕ್ಕಳು ವಕೀಲರಾದರು, ಕೆಲವರು ನ್ಯಾಯಾಧೀಶರಾದರು, ಅವರಲ್ಲೊಬ್ಬರು ನಿಜವಾದ ಕೇಸಿನಲ್ಲೂ ಗಂಟೆ ಹಿಡಿದು ಹೊರಟರು. 2088ರಲ್ಲಿ ಅದು ಕಾನೂನಾಯಿತು.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಇಲ್ಲದಿದ್ದರೆ ನಿಮಗೆ ಬುದ್ಧಿ ಹೇಳಲು ಹೊರಟ ಮುದುಕಿಯಾಗುತ್ತೇನೆ.

ಹನ್ನೆರಡು ವರ್ಷಗಳ ಹಿಂದೆ ನನ್ನ ಮುಂದೆ ದೇವೇಂದ್ರಪ್ಪ ಗೌಂಡಿ ಎಂಬ ನೀರಿನವನ ಕೇಸು ಬಂತು. ತೊಟ್ಟಿಯ ನೀರು ಕದ್ದು ತಿರುಗಿಸಿದ ಎಂಬ ಆರೋಪ. ನಮ್ಮಲ್ಲಿ ಕೊಲೆಯನ್ನಾದರೂ ಕ್ಷಮಿಸಿಯಾರು, ಇದನ್ನು ಕ್ಷಮಿಸುವುದಿಲ್ಲ. ಆತ ಕದ್ದಿರಲಿಲ್ಲ, ಕೊಳವೆ ಒಡೆದಿತ್ತು. ನಿರಪರಾಧಿ ಎಂದು ಬರೆದೆ, ಕೇಳುಗ ಹುಡುಗ ಮೊದಲ ಸಲಕ್ಕೇ ತಿಳಿಯಿತು ಎಂದ. ಆದರೆ ಅದು ಕಡುಬೇಸಗೆ, ನನಗೆ ಮಂಡಿನೋವು, ಆತನ ಓಣಿಯ ನೆರಳು ಹರಿದು ಹೋಗಿತ್ತು. ಅಂಥ ದಿನಗಳಲ್ಲಿ ಓಣಿ ತೀರ್ಪನ್ನು ಮುಂಗೈ ಪಟ್ಟಿಗೆ ಕಳುಹಿಸಬಹುದು ಎಂದು ನಿಯಮದಲ್ಲೇ ಒಂದು ಸಂದಿ ಇದೆ. ಕಳುಹಿಸಿದೆ. ನೂರಾ ಹದಿನಾರು ಮುಂಗೈಗಳು, ನೂರಾ ಹದಿನಾರೂ ಓದಿದವು ಎಂದು ಗುರುತು ಬಂತು. ಕಡತಕ್ಕೆ ದಾರ ಕಟ್ಟಿ ‘ಮುಗಿಯಿತು’ ಎಂದು ಬರೆದೆ. ನಿಮ್ಮ ಟಿಕ್ಕಿಗೂ ನನ್ನ ದಾರಕ್ಕೂ ಏನೂ ಫರಕಿಲ್ಲ.

ಕಳೆದ ತಿಂಗಳು ಅವನ ಮಗಳು ನನ್ನ ಬಾಗಿಲಿಗೆ ಬಂದಳು. ಈ ಹನ್ನೆರಡು ವರ್ಷ ಆತ ಹಾಕಿದ ನೀರನ್ನು ಓಣಿಯವರು ಆತನೆದುರೇ ಎರಡನೇ ಸಲ ಅಳೆದುಕೊಂಡರಂತೆ. ಒಬ್ಬರೂ ಬೈದಿಲ್ಲ, ಅಳೆದರು ಅಷ್ಟೆ.

“ಅಮ್ಮಾರ, ನೀವು ಕಳಿಸಿದ್ದು ಎಲ್ಲಾರೂ ಓದ್ಯಾರ. ಒಬ್ಬರೂ ಕೇಳಿಲ್ಲ. ಅಪ್ಪ ಇವತ್ತಿಗೂ ಬಾಗಲ ಕಡೆ ನೋಡ್ಕೋತ ಕುಂತಿರ್ತಾನ, ಗಂಟಿ ಬರತೈತಿ ಅಂತ.”

ನನಗೆ ನಾಚಿಕೆಯಾಯಿತು. ಮೂವತ್ತೆಂಟು ವರ್ಷ ಎತ್ತರದ ಕುರ್ಚಿಯಲ್ಲಿ ಕೂತವಳಿಗೆ ಅದು ಅಪರೂಪದ ಅನುಭವ. ನಿವೃತ್ತರಾದವರೂ ಬಾಕಿ ಓಣಿ ತೀರ್ಪು ಹೇಳಬಹುದು ಎಂದು ಅನುಮತಿ ಬರೆಸಿಕೊಂಡು ಬಂದಿದ್ದೇನೆ. ನಾಳೆ ಬೆಳಿಗ್ಗೆ ಹೋಗುತ್ತೇನೆ. ಅದಕ್ಕೆ ಮೊದಲು ನಿಮಗೆ ಬರೆಯಬೇಕೆನಿಸಿತು.

ನನ್ನ ಕೋರಿಕೆ ಇದು. ಹಿಂತಿರುಗಿ ಹೋಗಿ. ಇವತ್ತೇ ಹೋಗಿ.

ವಕೀಲರಾಗುವವರಿಗೆ ಇಷ್ಟರಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ತೀರ್ಪು ಇವತ್ತೇ ಹೇಳಿದರೆ ಕಸ್ತೂರಿ ಬಸ್ಸು ಹತ್ತುವುದಿಲ್ಲ, ಪರಗೊಂಡಪ್ಪನವರು ನೋಟುಬುಕ್ಕು ತೆರೆಯುವುದಿಲ್ಲ. ಓಣಿ ತೀರ್ಪು ಹುಟ್ಟದೆಯೇ ಹೋಗಬಹುದು. ವರ್ಷಕ್ಕೆ ನಲವತ್ತು ಸಾವಿರ ಜನರ ಹೆಸರು ತೊಳೆಯುವ ಪದ್ಧತಿ ಅದು. ಹಿಂದಂಚೆಯ ಅರ್ಜಿಯಲ್ಲೂ ಈ ಪ್ರಶ್ನೆ ಇತ್ತು: ನಿಮ್ಮ ಪತ್ರದಿಂದ ಈಗಿನ ವ್ಯವಸ್ಥೆಗೆ ಧಕ್ಕೆಯಾಗುವ ಸಂಭವ ಇದೆಯೇ? ಇದೆ ಎಂದು ಬರೆದೆ. ಗುಮಾಸ್ತ ನನ್ನ ಮುಖ ನೋಡಿದ, ನಿಯಮ ಪುಸ್ತಕ ನೋಡಿದ, ಇದೆ ಎಂದವರನ್ನು ತಡೆಯುವ ನಿಯಮ ಸಿಗದೆ ಮುದ್ರೆ ಒತ್ತಿದ. ಇಷ್ಟು ವರ್ಷ ಎಲ್ಲರೂ ಇಲ್ಲ ಎಂದೇ ಬರೆದಿದ್ದರಂತೆ.

ತಿಂಗಳಿಡೀ ತೂಗಿ ನೋಡಿದ್ದೇನೆ. ನಲವತ್ತು ಸಾವಿರ ಒಂದು ಕಡೆ, ಒಬ್ಬಳ ಎರಡು ವರ್ಷ ನಾಲ್ಕು ತಿಂಗಳು ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಯಾರಿಗಾದರೂ ಕಾಣುತ್ತದೆ. ಆದರೆ ಆ ಎರಡು ವರ್ಷ ನಾಲ್ಕು ತಿಂಗಳು ನಮ್ಮವಲ್ಲ. ಆಕೆಯನ್ನು ಕೇಳದೆ ತೆಗೆದುಕೊಂಡಿದ್ದೇವೆ, ಅದರ ಮೇಲೆ ಕಾನೂನು ಕಟ್ಟಿಕೊಂಡು ನೆಮ್ಮದಿಯಾಗಿದ್ದೇವೆ. ಬೇರೆಯವರದ್ದನ್ನು ಕೇಳದೆ ತೆಗೆದುಕೊಂಡವರಿಗೆ ಏನೆನ್ನುತ್ತಾರೆ ಎಂಬುದು ನಿಮ್ಮ ಪಾಠದ ಎರಡನೇ ಪುಟದಲ್ಲೇ ಇದೆ.

ಒಬ್ಬರು ಮಾತ್ರ ಕೇಳಿದ್ದರು. ಕಸ್ತೂರಿಯ ಎಪ್ಪತ್ತನೆಯ ವಯಸ್ಸಿನಲ್ಲಿ ಆ ಹನ್ನೆರಡು ಪುಟ ಬರೆದುಕೊಂಡವರು, ಆಗ ಹಾಗಾಗಿದ್ದರಿಂದಲೇ ಇಷ್ಟೆಲ್ಲ ಒಳ್ಳೆಯದಾಯಿತು, ಅಲ್ಲವೇ ಎಂದು ಕೇಳಿದ್ದಾರೆ. ಅವಳ ಉತ್ತರ ಕೊನೆಯ ಪುಟದಲ್ಲಿದೆ.

“ಚಲೋ ಆತು ಅಂತ ಊರೆಲ್ಲಾ ಅಂತೈತಿ. ಅನ್ಲಿ. ಆದ್ರ ಯಾರರ ಬಂದು ಆ ಎರಡು ವರ್ಷ ವಾಪಸ್ ಕೊಡ್ತೇನಂದ್ರ, ನಾ ಬ್ಯಾಡ ಅನ್ನಂಗಿಲ್ಲ.”

ಅದು ಆಕೆಯ ಅರ್ಜಿ ಎಂದು ನಾನು ದಾಖಲು ಮಾಡಿಕೊಂಡಿದ್ದೇನೆ. ನಿಯಮ ಹೋದರೆ ಹೋಗಲಿ. ನಮ್ಮಲ್ಲೂ ಕಾರ್ಡು ಹಿಡಿದು ಬರುವ ಇನ್ನೊಬ್ಬರು ಇದ್ದಾರು, ನೋಟುಬುಕ್ಕು ತೆರೆಯುವ ಇನ್ನೊಬ್ಬರು ಇದ್ದಾರು. ಇಲ್ಲದಿದ್ದರೆ ನಮಗೆ ಆ ಗಂಟೆ ಹಿಡಿಯುವ ಯೋಗ್ಯತೆ ಇರಲಿಲ್ಲ ಎಂದಾಯಿತು.

ಟೈರು ಬರಲು ಇನ್ನೂ ಹೊತ್ತಿದೆ. ಸಂಕನಹಾಳಕ್ಕೆ ನಡೆದರೆ ಅರ್ಧ ಗಂಟೆ. ಎರಡನೆಯ ಶಾಲೆ ತಪ್ಪುತ್ತದೆ. ಅದರ ಫಾರ್ಮಿನಲ್ಲಿ ರದ್ದು ಎಂದು ಧಾರಾಳವಾಗಿ ಟಿಕ್ ಹಾಕಿ. ಮಕ್ಕಳು ಊಟ ಮುಗಿಸಿ ಒಳಗೆ ಬಂದಿರುತ್ತಾರೆ. ನ್ಯಾಯಾಧೀಶನ ಕೋಟಿನ ಮೇಲೆ ಸಾರು ಚೆಲ್ಲಿರುತ್ತದೆ, ಬಯ್ಯಬೇಡಿ. ಅವನಿಂದ ತೀರ್ಪು ಹೇಳಿಸಿ. ಆಮೇಲೆ ಗಂಟೆ ಕೇಳಿ ಪಡೆದು ಹನುಮಪ್ಪನ ಗುಡಿಯ ಹಿಂದಿನ ಓಣಿಗೂ ಹೋಗಿ. ಆ ಓಣಿಗೆ ಇದುವರೆಗೆ ಯಾವ ತೀರ್ಪೂ ಬಂದಿಲ್ಲ.

ನಾಳೆ ಬೆಳಿಗ್ಗೆ ನಾನು ದೇವೇಂದ್ರಪ್ಪನ ಓಣಿಯಲ್ಲಿರುತ್ತೇನೆ. ನೀವು ನನ್ನ ಮಾತು ಕೇಳಿದ್ದರೆ ಆ ಹೊತ್ತಿಗೆ ನನ್ನ ಕೈಯಲ್ಲಿ ಗಂಟೆ ಇಲ್ಲದೆ ಇರಬಹುದು; ಯಾಕಿಲ್ಲ ಎಂಬುದೂ ನನಗೆ ನೆನಪಿರಲಿಕ್ಕಿಲ್ಲ. ಆದರೂ ಒಬ್ಬ ಮುದುಕ ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾನೆ. ಅವನ ಮುಂದೆ ನಿಂತು ಬರಿಬಾಯಿಯಲ್ಲೇ ಕೂಗುವಷ್ಟು ಬುದ್ಧಿ ಆಗಲೂ ನನಗೆ ಇರುತ್ತದೆ ಎಂದು ನಂಬಿದ್ದೇನೆ.

ಫಾರ್ಮು ಮಡಚಿಡಿ. ಏಳಿ. ಬಿಸಿಲಿದೆ, ತಲೆಯ ಮೇಲೆ ಸೆರಗು ಹಾಕಿಕೊಳ್ಳಿ. ಓಣಿಯಲ್ಲಿ ಹೆಸರು ಹೇಳುವಾಗ ಗಟ್ಟಿಯಾಗಿ ಹೇಳಿ, ಆಕೆ ತರಗತಿಯಲ್ಲೂ ಕಿಟಕಿಯ ಪಕ್ಕ ಕೂರುವವಳು, ಹೊರಗೆ ಹೇಳಿದ್ದು ಅವಳಿಗೆ ಮೊದಲು ಕೇಳುತ್ತದೆ.

ನಿಮ್ಮ ವಿಶ್ವಾಸಿ,
ಶಿವಗಂಗಾ ಕಮತರ
ನಿವೃತ್ತ ನ್ಯಾಯಾಧೀಶೆ, ಒಂದು ತೀರ್ಪು ಬಾಕಿ